ಮಾಲಕರ ಸೀಟು

ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಇನ್ನೂ ತಿಳಿದಿಲ್ಲ. ತೊಡೆಯ ಮೇಲೆ ಇಟ್ಟುಕೊಂಡರೆ ಕನ್ಯೆ ನೋಡಲು ಬಂದವರ ಮುಂದೆ ಕೂತ ಹಾಗೆ ಕಾಣುತ್ತದೆ. ಸೀಟಿನ ಪಕ್ಕದ ಮೆತ್ತನೆಯ ಕೈಯಾಸರೆಯ ಮೇಲೆ ಇಟ್ಟರೆ ಸಾಹುಕಾರರ ಹಾಗೆ. ಇಪ್ಪತ್ನಾಲ್ಕು ವರ್ಷದವಳು, ಬಿ.ಎ. ಮುಗಿಸಿದವಳು, ಇಂಥದ್ದನ್ನೆಲ್ಲ ಡೈರಿಯಲ್ಲಿ ಬರೆದುಕೊಳ್ಳುತ್ತಾಳೆಂದರೆ ಯಾರಾದರೂ ನಕ್ಕಾರು. ಆದರೂ ಬರೆದಿದ್ದೇನೆ, ಮೂರು ಸಲ. ಅದಕ್ಕಿಂತ ದೊಡ್ಡದೊಂದನ್ನು ಬರೆಯದೆ ಇರುವುದಕ್ಕಾಗಿ ಇದನ್ನು ಬರೆಯುತ್ತಿದ್ದೆನೋ ಏನೋ.

ಮುಂದಿನ ಸೀಟಿನಲ್ಲಿ ಕೂರಲು ಅಪ್ಪ ಬಿಡುವುದಿಲ್ಲ.

"ಮುಂದ ಕ್ಲೀನರ್ ಕುಂದರತಾನ, ಯವ್ವಾ. ಮಾಲಕರು ಹಿಂದ."

"ಹಂಗಾರ ನೀ ಹಿಂದ ಕುಂದರು."

"ಹೊಡಿಯಾವ್ರ ಯಾರು? ನಿಮ್ಮವ್ವೇನು?"

ಹೀಗೆ ಮನೆಯಿಂದ ಬನಹಟ್ಟಿ ಸ್ಟ್ಯಾಂಡಿನ ಹತ್ತಿರದ ಆನ್‌ಲೈನ್ ಸೆಂಟರಿನವರೆಗೆ, ನಡೆದರೆ ಹದಿನೈದು ನಿಮಿಷದ ಹಾದಿಗೆ, ನಾನು ಕರಿಯ ಜರ್ಮನ್ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿ ಇಡೀ ದಿನ ಬೇರೆಯವರ ಅರ್ಜಿ ತುಂಬುವುದು ನನ್ನ ಕೆಲಸ. ನೂಲಿನ ಅಂಗಡಿಗಳ ಸಾಲಿನಲ್ಲಿ ಕಾರು ಹಾಯುವಾಗ ಕಟ್ಟೆಯ ಮೇಲೆ ಕೂತವರು ಎದ್ದು ಕೈ ಎತ್ತುತ್ತಾರೆ. ಗಾಜಿನೊಳಗೆ ನಾನು ಕಂಡ ಕೂಡಲೇ ಎತ್ತಿದ ಕೈಯಿಂದ ತಲೆ ಕೆರೆದುಕೊಳ್ಳುತ್ತಾರೆ. ಅವರು ಕೈ ಎತ್ತಿದ್ದು ಸೀರೆ ವ್ಯಾಪಾರದ ದುಂಡೇಶ ಸಾಹುಕಾರರಿಗೆ. ಆ ಕಾರು ಹನ್ನೊಂದು ವರ್ಷ ಅವರದಾಗಿತ್ತು. ಅದಕ್ಕೂ ಮುಂಚಿನಿಂದ, ಒಟ್ಟು ಇಪ್ಪತ್ತೊಂದು ವರ್ಷ, ನಮ್ಮಪ್ಪ ಅಪ್ಪಾಸಾಬ ಅವರ ಡ್ರೈವರ್ ಆಗಿದ್ದ.

ಹೋದ ವರ್ಷ ಅಪ್ಪನಿಗೆ ಸಕ್ಕರೆ ಕಾಯಿಲೆ ಬಂತು. ಸಾಹುಕಾರರು ಹೊಸ ಕಾರು ತಂದರು, ಹೊಸ ಡ್ರೈವರ್ ಇಟ್ಟರು, ಅಪ್ಪನನ್ನು ಕರೆದು ಸೀರೆಯ ಗಿರಾಕಿಗಳ ಮುಂದೆಯೇ ಕೇಳಿದರು: "ಅಪ್ಪಾಸಾಬ, ಹೊಂಟೀ ಅಂದ್ರ ಬರಿಗೈಲೆ ಕಳಸಾಂವಲ್ಲ ನಾ. ಏನ ಬೇಕು ಕೇಳು."

ಏನು ಕೇಳಬೇಕೆಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ರಾಮಪುರದ ಕಡೆ ಸಾಹುಕಾರರು ಹಾಕಿದ ಪ್ಲಾಟುಗಳಲ್ಲಿ ಮೂಲೆಯದೊಂದು ಸಣ್ಣ ಜಾಗ. ಅವ್ವ ಅದನ್ನು ಹೋಗಿ ನೋಡಿಯೂ ಬಂದಿದ್ದಳು. ಬಾಡಿಗೆ ಮನೆಯಲ್ಲೇ ಮುದುಕಿಯಾಗುತ್ತಿರುವ ಹೆಂಗಸು ಆ ಮೂಲೆಯಲ್ಲಿ ನಿಂತು ಬಚ್ಚಲ ಎಲ್ಲಿ, ತುಳಸಿ ಎಲ್ಲಿ ಎಂದು ಕಾಲಿನಿಂದ ಗೆರೆ ಎಳೆದದ್ದನ್ನು ನಾನು ನೋಡಿದ್ದೇನೆ. ಅಪ್ಪ ಹೋಗಿ ಹಳೆಯ ಕಾರು ಕೇಳಿದ.

ಕೊಟ್ಟದ್ದು ಅಮಾವಾಸ್ಯೆಯ ದಿನ, ಬೀರಪ್ಪನ ಗುಡಿಯ ಮುಂದೆ. ಸಾಹುಕಾರರು ನಮ್ಮ ಪೈಕಿ ಅಲ್ಲ. ಆದರೆ ಇಪ್ಪತ್ತೊಂದು ವರ್ಷ ಅಪ್ಪನ ಮಾತು ಕೇಳಿ ಕೇಳಿ ನಮ್ಮ ರೀತಿ ಅವರಿಗೆ ಗೊತ್ತಿತ್ತು. ಪೂಜಾರಿಯ ತಟ್ಟೆಯಿಂದ ತಾವೇ ಒಂದು ಮುಷ್ಟಿ ಭಂಡಾರ ತೆಗೆದುಕೊಂಡು ಕೀಲಿಯ ಮೇಲೆ ಹಾಕಿ, ಕೀಲಿಯನ್ನು ಅಪ್ಪನ ಅಂಗೈಯಲ್ಲಿಟ್ಟು, "ಇನ್ನ ಇದು ನಿಂದಪಾ" ಅಂದರು. ಅಪ್ಪನ ಕೈ, ಅಂಗಿಯ ತೋಳು, ಮೀಸೆಯ ತುದಿ ಎಲ್ಲ ಹಳದಿಯಾಗಿತ್ತು. ನಮ್ಮವರಲ್ಲಿ ಭಂಡಾರ ಮುಟ್ಟಿ ಆಡಿದ ಮಾತಿಗೆ ಸಾಕ್ಷಿ ಕೇಳುವುದಿಲ್ಲ. ಅಣ್ಣತಮ್ಮಂದಿರು ಕುರಿ ಹಂಚಿಕೊಂಡದ್ದು, ಹೊಲದ ಬದು ತೀರ್ಮಾನಿಸಿದ್ದು, ಅಜ್ಜನ ಕಾಲದಲ್ಲಿ ಎಲ್ಲವೂ ಒಂದು ಚಿಟಿಕೆ ಅರಿಷಿಣ ಪುಡಿಯ ಮೇಲೆ ನಡೆದದ್ದು.

"ಕಾಗದ ಮಾಡಿಸ್ಕೊಂಡ್ರೇನು?" ಎಂದು ಅವ್ವ ಅವತ್ತೇ ಕೇಳಿದಳು.

"ಭಂಡಾರದ ಮ್ಯಾಲ ಕೊಟ್ಟಾರ ಸೋಮವ್ವ. ಕಾಗದ ಅದಕ್ಕಿಂತ ದೊಡ್ಡದೇನ?"

ಕಾರಿಗೆ ಮುಸುಕು ಹೊಲಿಯಲು ಅಪ್ಪ ಅವ್ವನ ಹಳೆಯ ಇಳಕಲ್ ಸೀರೆ ಎರಡನ್ನು ಕೇಳಿದಾಗ ಕೊಟ್ಟಳು. ಮೇಲೆ ಅಜ್ಜನ ಕಂಬಳಿ ಹೊದಿಸಬೇಕು, ಉಣ್ಣೆ ನೇರವಾಗಿ ತಗಲಿದರೆ ಬಣ್ಣಕ್ಕೆ ಗೀರು ಬೀಳುತ್ತದೆ, ಅದಕ್ಕೆ ಒಳಗೆ ಸೀರೆ. "ನನಗಿಂತ ಅದರ ಮೈ ನುಣುಪೈತಿ" ಎಂದಳು, ಅಷ್ಟೆ.

ಇಂಥ ಕಾರು ಜನ ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಚಹಾದಂಗಡಿಯಲ್ಲಿ ಅಪ್ಪ ಹೇಳುವ ಕಾರಣಗಳು ನನಗೆ ಬಾಯಿಪಾಠ. ರಸ್ತೆ ಹಿಡಿದುಕೊಂಡು ಹೋಗುತ್ತದೆ. ನೂರಾ ಇಪ್ಪತ್ತರಲ್ಲಿ ಹೋದರೂ ಕೈಯಲ್ಲಿನ ಚಹಾ ಚೆಲ್ಲುವುದಿಲ್ಲ. ಎದುರಿನಿಂದ ಕಬ್ಬಿನ ಲಾರಿ ಬಂದು ಗುದ್ದಿದರೂ ಒಳಗಿನವರು ಉಳಿಯುತ್ತಾರೆ. ಬಾಗಿಲು ಹಾಕಿದಾಗಿನ ಸಪ್ಪಳ, ಅದೊಂದನ್ನಾದರೂ ಕೇಳಬೇಕು. ಮಹಾಲಿಂಗಪುರದಲ್ಲಿ ಬೆಲ್ಲದ ಅಂಗಡಿ ಇಟ್ಟು ಮೂರು ಗಾಲಿಯ ಟಂಟಂ ಓಡಿಸುವ ಹಾಲೇಶ ಕಾಕಾ, ಅಪ್ಪನ ಚಿಕ್ಕಪ್ಪನ ಮಗ, ಪ್ರತಿ ಸಲ ಇದನ್ನು ಕೊನೆಯವರೆಗೆ ಕೇಳಿ ಒಂದೇ ಪ್ರಶ್ನೆ ಕೇಳುತ್ತಾನೆ.

"ಎಷ್ಟ ಕೊಡತೈತೋ, ಲೀಟರಿಗೆ?"

"ಎಂಟು."

"ನನ್ನ ಟಂಟಂ ಮೂವತ್ತ ಕೊಡತೈತಿ. ಚಾನೂ ಚೆಲ್ಲಂಗಿಲ್ಲ. ಯಾಕಂದ್ರ ನಾ ಚಾ ಕುಡದ ಮ್ಯಾಲ ಗಾಡಿ ಹತ್ತಾಂವ."

ಎಲ್ಲರೂ ನಗುತ್ತಾರೆ. ಅಪ್ಪನೂ ನಗುತ್ತಾನೆ.

ಸಾಹುಕಾರರು ಕರೆಯುವುದು ನಿಂತಿರಲಿಲ್ಲ. "ಅಪ್ಪಾಸಾಬ, ನಮ್ಮವ್ವನ್ನ ಬೀಳಗಿಗೆ ಬಿಟ್ಟ ಬರಬೇಕಾಗಿತ್ತು. ಆಕಿಗೆ ಆ ಗಾಡೀದ ರೂಢಿ. ಹೊಸದರಾಗ ಓಕರಿಕಿ ಬರತೈತಂತ." ಅಪ್ಪ ಹೋಗುತ್ತಿದ್ದ. ಜಮಖಂಡಿಯ ಮದುವೆಗೆ, ಚಿಕ್ಕಪಡಸಲಗಿಯ ಬ್ಯಾರೇಜು ನೋಡಲು ಬಂದ ನೆಂಟರಿಗೆ, ಬ್ಯಾಂಕಿಗೆ. ಬರುವಾಗ ಎಣ್ಣೆಯ ಟಾಕಿ ತುಂಬಿರುತ್ತಿತ್ತು, ಕೆಲವೊಮ್ಮೆ ಅವ್ವನಿಗೆ ಒಂದು ಪತ್ತಲ ಸೀರೆ. ಅಪ್ಪ ಇದನ್ನು ಪ್ರೀತಿ ಅಂದುಕೊಂಡಿದ್ದ. "ಪಗಾರ ತಪ್ಪಿತು, ನೌಕರಿ ತಪ್ಪಲಿಲ್ಲ" ಎಂದು ಅವ್ವ ಪಾತ್ರೆಗಳಿಗೆ ಹೇಳುತ್ತಿದ್ದಳು.

ಚೈತ್ರದಲ್ಲಿ ವಿಮೆ ಮುಗಿಯಿತು. ಆನ್‌ಲೈನಿನಲ್ಲಿ ಕಟ್ಟು ಎಂದು ಅಪ್ಪ ನನಗೇ ಹೇಳಿದ. ಸೆಂಟರಿನಲ್ಲಿ ಗಾಡಿಯ ನಂಬರು ಹಾಕಿದೆ. ಮಾಲೀಕರ ಹೆಸರು ಎಂಬಲ್ಲಿ ದುಂಡೇಶ ಸಾಹುಕಾರರ ಹೆಸರು ಬಂತು. ತಪ್ಪಿರಬೇಕೆಂದು ಮತ್ತೊಮ್ಮೆ ಹಾಕಿದೆ. ಮತ್ತೆ ಅದೇ. ನನ್ನ ಹಿಂದೆ ಒಬ್ಬ ಅಜ್ಜ ಪಿಂಚಣಿ ಅರ್ಜಿ ಹಿಡಿದು ನಿಂತಿದ್ದ, ಅವನಿಗೆ ಕಾಣದಂತೆ ಪರದೆ ಮುಚ್ಚಿದೆ, ಅವನಿಗೆ ಅದರಲ್ಲಿ ಏನೋ ಅರ್ಥವಾಗುತ್ತದೆ ಎಂಬಂತೆ.

ಹೆಸರು ಬದಲಿಸುವ ಫಾರ್ಮುಗಳನ್ನು ನಾನೇ ತೆಗೆದು ನಾನೇ ತುಂಬಿದೆ. ಸಹಿಯೊಂದು ಸಿಕ್ಕರೆ ಯಾರಿಗೂ ಗೊತ್ತಾಗದೆ ಮುಗಿದು ಹೋಗುತ್ತದೆ. ಸಾಹುಕಾರರ ಸೀರೆ ಅಂಗಡಿಯ ಗದ್ದಿಯವರೆಗೆ ಹೋಗುವಷ್ಟು ಧೈರ್ಯವನ್ನು ನಾನು ಹೇಗೆ ಕೂಡಿಸಿಕೊಂಡೆನೋ ತಿಳಿಯದು. ಹೋದರೆ ಅವರಿರಲಿಲ್ಲ, ಗುಮಾಸ್ತ ಸುಭಾಷ್ ಇದ್ದರು.

"ಸರ್, ಗಾಡಿ ಹೆಸರು ಬದಲ ಮಾಡೂದಿತ್ರಿ. ಸಾಹುಕಾರ್ರ ಸಹಿ ಬೇಕಿತ್ತು."

ಅವರು ಫಾರ್ಮನ್ನು ಹಿಂದೆ ಮುಂದೆ ನೋಡಿ ನನ್ನ ಕಡೆಗೇ ಸರಿಸಿದರು. "ನಿಮ್ಮಪ್ಪ ಕಳಿಸ್ಯಾನೇನು?"

"ಇಲ್ರಿ. ನಾನ ಬಂದೇನಿ."

"ಶಾಣ್ಯಾಕಿ ಅದಿ. ಹಂಗಾರ ಕೇಳು. ನಾ ಒಮ್ಮೆ ಈ ಮಾತ ತಗದಿದ್ದೆ. ಹೆಸರ ಹೋತಂದ್ರ ಅಪ್ಪಾಸಾಬನೂ ಹೋದಂಗ ಅಂದ್ರು ಸಾಹುಕಾರ್ರು. ನೀನ ವಿಚಾರ ಮಾಡು. ಗಾಡಿ ನಿಮ್ಮ ಓಣ್ಯಾಗ ನಿಂದರತೈತಿ. ತೊಳಿಯಾವ್ರು ನೀವು, ಟೈರ್ ಹಾಕಸಾವ್ರು ನೀವು. ಕರದ್ರ ಡ್ರೈವರ್ ಸಮೇತ ಬಂದ ನಿಂದರತೈತಿ. ಇಷ್ಟ ಛಲೋ ವ್ಯವಸ್ಥಾ ಯಾರ ಕೆಡಿಸ್ಕೋತಾರ?" ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿ, "ಚಾ ಕುಡಿತೀಯೇನ ತಂಗಿ?" ಎಂದರು.

ನಾನು ಚಹಾ ಕುಡಿದು ಬಂದೆ. ಬೇಡ ಎನ್ನಲೂ ಬಾಯಿ ಬರಲಿಲ್ಲ. ವಿಮೆಯನ್ನು ಸಾಹುಕಾರರ ಹೆಸರಿನಲ್ಲೇ ಕಟ್ಟಿ ಕಾಗದವನ್ನು ಮಡಚಿ ಅಪ್ಪನಿಗೆ ಕೊಟ್ಟೆ. ಅಪ್ಪ ಕನ್ನಡ ಓದುತ್ತಾನೆ, ಇಂಗ್ಲಿಷ್ ಓದುವುದಿಲ್ಲ. ಕಾಗದಕ್ಕೆ ಹಣೆ ಮುಟ್ಟಿಸಿ ಡ್ಯಾಶ್‌ಬೋರ್ಡಿನೊಳಗೆ ಭಂಡಾರದ ಪುಡಿಕೆಯ ಪಕ್ಕದಲ್ಲಿ ಇಟ್ಟ. ಅವನಿಗೆ ಅದನ್ನು ಓದಲು ಬಾರದಿರುವುದು ನನಗೆ ಅನುಕೂಲವಾಯಿತು ಎಂದು ಬರೆಯಲು ನನಗೆ ಎರಡು ತಿಂಗಳು ಹಿಡಿಯಿತು.

ಹೇಳಬಹುದಿತ್ತು. ಅಂದೇ ಸಂಜೆ ಹೇಳಬಹುದಿತ್ತು. ಆದರೆ ಅದಕ್ಕೆ ಸ್ವಲ್ಪ ದಿನ ಮೊದಲು ಒಂದು ಮಾತಾಗಿತ್ತು. ಜಮಖಂಡಿಯಿಂದ ಬರುತ್ತಿದ್ದೆವು. ಮುಂದೆ ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ನೂರಾ ಇಪ್ಪತ್ತರಲ್ಲಿ ಓಡುವ ಕಾರು ಎತ್ತಿನ ನಡಿಗೆಯಲ್ಲಿ ತೆವಳುತ್ತಿತ್ತು. ಹಿಂದಿನ ಸೀಟಿನಿಂದ ಕೇಳುವುದು ಸುಲಭ, ಮುಖ ಕಾಣುವುದಿಲ್ಲ.

"ಅಪ್ಪಾ, ಜಾಗ ಬಿಟ್ಟು ಈ ಗಾಡಿನ ಯಾಕ ಬೇಡಿದಿ? ಖರೆ ಹೇಳು."

ಅವನು ಗಾಡಿಯ ವೇಗ ಇನ್ನಷ್ಟು ಇಳಿಸಿದ.

"ನಿಮ್ಮತ್ತಿ ಮಗಳು ಭಾಗ್ಯಾನ ಲಗ್ನ ನೆನಪೈತೇನು?"

ನೆನಪಿತ್ತು. ಆರು ವರ್ಷದ ಹಿಂದಿನ ಮಾತು. ಅಪ್ಪನ ಒಬ್ಬಳೇ ತಂಗಿ ಯಲ್ಲಕ್ಕತ್ತೆಯ ಮೊದಲನೆಯ ಮಗಳ ಮದುವೆ. ನಮ್ಮಲ್ಲಿ ಅಕ್ಕಿಕಾಳು, ಅಂದರೆ ಮುಹೂರ್ತದ ಅಕ್ಷತೆ, ಬೀಳುವಾಗ ಮದುಮಗಳ ಬೆನ್ನಿಗೆ ಸೋದರಮಾವ ನಿಲ್ಲಬೇಕು, ತಲೆಗೆ ಪಟಗಾ ಸುತ್ತಿ, ಹೆಗಲಿಗೆ ಕಂಬಳಿ ಹಾಕಿ. ಅವನ ಕೈ ಅವಳ ಹೆಗಲ ಮೇಲಿರಬೇಕು. ಹುಟ್ಟಿದ ಮನೆ ನಿನ್ನ ಬೆನ್ನಿಗಿದೆ ಎಂದು ಹೇಳುವ ಕೈ ಅದು. ಅಪ್ಪ ಅವತ್ತು ಸಾಹುಕಾರರನ್ನೇ ಆ ಮದುವೆಗೆ ಕರೆದುಕೊಂಡು ಬಂದಿದ್ದ.

"ಐದ ನಿಮಿಷ ಮುಖಾ ತೋರಿಸಿ ಬರತೇನಿ, ಗಾಡಿ ಬಿಟ್ಟ ಬರಬ್ಯಾಡ, ಹುಡುಗ್ರು ಗೀರತಾವು ಅಂದ್ರು. ಒಳಗ ಅವರನ್ನ ಯಾರ ಬಿಡತಾರ? ಕುರ್ಚಿ ಹಾಕಿದ್ರು, ಪಟಗಾ ಸುತ್ತಿದ್ರು, ಊಟಕ್ಕ ಕುಂದರಿಸಿದ್ರು. ನಾ ಗಾಡಿ ಕಡೆ ನಿಂತ ಅಕ್ಕಿಕಾಳ ಬಿದ್ದದ್ದನ್ನ ಮೈಕಿನ್ಯಾಗ ಕೇಳಿದ್ನಿ. ನನ್ನ ಜಾಗಾದಾಗ ಹಾಲೇಶ ನಿಂತಿದ್ದ. ಫೋಟೋದಾಗೂ ಅಂವನ ಅದಾನ."

ಟ್ರ್ಯಾಕ್ಟರು ಪಕ್ಕಕ್ಕೆ ಸರಿಯಿತು. ಅಪ್ಪ ಅದನ್ನು ದಾಟಲಿಲ್ಲ.

"ಮಾಲಕ ಆದಾಂವ ಗಾಡಿ ಬಂದ್ ಮಾಡಿ ಒಳಗ ಹೋಗಬಹುದು, ಯವ್ವಾ. ಡ್ರೈವರ್ ಹೋಗಾಕ ಬರಂಗಿಲ್ಲ. ಅಷ್ಟ ನೋಡು. ಭಾಗ್ಯಾನ ತಂಗಿ ಕಾಂಚನಾನ ಲಗ್ನಕ್ಕ ಇದ ಗಾಡಿ ತಗೊಂಡ ಹೋಗತೇನಿ. ಅದ ಜನದ ಮುಂದ ಬಂದ್ ಮಾಡತೇನಿ."

ಇದನ್ನು ಕೇಳಿದ ಮೇಲೆ ನಾನು ಹೇಗೆ ಹೇಳಲಿ? ಕಾಂಚನಾಳ ಮದುವೆ ಮುಗಿಯಲಿ ಎಂದುಕೊಂಡೆ. ಒಂದು ದಿನ ಅವನು ಮಾಲಕನಾಗಲಿ, ಆಮೇಲೆ ಹೇಗೋ. ಅಪ್ಪನ ಸಲುವಾಗಿಯೇ ಸುಮ್ಮನಿದ್ದೇನೆ ಎಂದು ಡೈರಿಯಲ್ಲಿ ಬರೆದೆ. ಅದು ಪೂರ್ತಿ ಖರೆಯಲ್ಲ. ಮಾತಾಡದೆ ಇರಲು ಒಂದು ಒಳ್ಳೆಯ ಕಾರಣ ಸಿಕ್ಕಿತ್ತು, ನನ್ನಂಥವಳಿಗೆ ಅದು ಹಬ್ಬವಿದ್ದಂತೆ.

ಮದುವೆ ಮುಧೋಳದ ಕಲ್ಯಾಣ ಮಂಟಪದಲ್ಲಿ. ಅಪ್ಪ ಮುಂಜಾನೆ ನಾಲ್ಕು ಕೊಡ ನೀರಿನಲ್ಲಿ ಕಾರು ತೊಳೆದ. ಅವ್ವನನ್ನೂ ನನ್ನನ್ನೂ ಹಿಂದೆ ಕೂರಿಸಿದ. ಮಂಟಪದ ಬಾಗಿಲಿಗೆ ಸರಿಯಾಗಿ ನಿಲ್ಲಿಸಿದಾಗ ಸೀಟಿ ಹಿಡಿದವನೊಬ್ಬ ಓಡಿ ಬಂದ.

"ಡ್ರೈವರ್ ಸಾಹೇಬ್ರ, ಇಲ್ಲಿ ಬಿಟ್ಟ ಹೋಗಬ್ಯಾಡ್ರಿ. ಮಾಲಕರು ಎಲ್ಲಿ ಅದಾರ?"

"ಮಾಲಕ ಈಗ ಒಳಗ ಹೊಂಟಾನ ತಮ್ಮಾ" ಎಂದು ಅಪ್ಪ ಕೀಲಿ ಒತ್ತಿದ. ಎರಡೂ ಕಡೆಯ ಕನ್ನಡಿಗಳು ಕಿವಿಯಂತೆ ಮಡಚಿಕೊಂಡವು. ಅವನು ಹಿಂದಿರುಗಿ ನೋಡದೆ ನಡೆದ ರೀತಿ ನೋಡಿ ಅವ್ವನೂ ಸೆರಗು ಬಾಯಿಗಿಟ್ಟು ನಕ್ಕಳು. ಅವಳು ಕಾರಿನ ವಿಷಯಕ್ಕೆ ನಕ್ಕದ್ದು ಅದೊಂದೇ ಸಲ.

ಅಕ್ಕಿಕಾಳಿನ ಹೊತ್ತು ಹನ್ನೆರಡು ಮೂವತ್ತೊಂದು. ಹನ್ನೆರಡಕ್ಕೆ ಯಲ್ಲಕ್ಕತ್ತೆ ತಾನೇ ಅಣ್ಣನ ತಲೆಗೆ ಪಟಗಾ ಸುತ್ತಿಸಿದಳು, ಹೆಗಲಿಗೆ ಕಂಬಳಿ ಹಾಕಿದಳು. "ಈ ಸಲ ಹೊರಗ ನಿಂತೀ ಅಂದ್ರ ನೋಡು, ನಿನ್ನ ಗಾಡೀಗೆ ಸಗಣಿ ಹಚ್ಚತೇನಿ" ಎಂದಳು. ಹಾಲೇಶ ಕಾಕಾ ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ನಾನೂ ಇಸ್ತ್ರಿ ಮಾಡಿಸ್ಕೊಂಡ ಬಂದೇನ್ರಪಾ. ಹೋದ ಸಲದಂಗ ಏನರ ಆದೀತು."

ಅಷ್ಟರಲ್ಲಿ ಸಾಹುಕಾರರು ಬಂದರು. ಜೊತೆಗೆ ಪುಣೆಯ ಮೂವರು ಸೀರೆ ವ್ಯಾಪಾರಿಗಳು. ಜನ ಎದ್ದರು, ಕುರ್ಚಿಗಳು ಸರಿದವು. ಸಾಹುಕಾರರು ಎಲ್ಲರಿಗೂ ಕೈ ಮುಗಿದರು, ನನ್ನನ್ನೂ ಗುರುತಿಸಿ, "ಅನುರಾಧಾ ಅಲ್ಲೇನು? ಪರೀಕ್ಷಾ ಯಾವದರ ಕಟ್ಟಾಕತ್ತೀಯೋ ಇಲ್ಲೋ ತಂಗಿ?" ಎಂದರು. ಅವರು ಕೆಟ್ಟದಾಗಿ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಅದೇ ಕಷ್ಟ. ನಾನು ತಲೆಯಾಡಿಸಿದೆ. ಅವರು ವೇದಿಕೆಯ ಕಡೆಗೆ ಒಂದು ಬೆರಳು ಮಡಚಿ ಅಪ್ಪನನ್ನು ಕರೆದರು. ಅಪ್ಪ ಪಟಗಾ ಕಂಬಳಿ ಸಮೇತ ಇಳಿದು ಬಂದ.

"ಅಪ್ಪಾಸಾಬ, ಇವರಿಗೆ ತಿಮ್ಮಾಪುರದಾಗ ಮುಧೋಳ ನಾಯಿ ನೋಡೂ ಆಶಾ ಆಗೇತಿ. ಹೊಸ ಗಾಡಿ ಟೈರ್ ಕುಂತೈತಿ, ಡ್ರೈವರ್ ಹುಡುಗ ಅದರ ಹಿಂದ ಹೋಗ್ಯಾನ. ಲಗೂನ ಒಂದ ಸುತ್ತ ತೋರಿಸಿ ಕರ್ಕೊಂಡ ಬಾ. ನೀ ಆದ್ರ ಮರಾಠಿನೂ ಮಾತಾಡತಿ."

ಅಪ್ಪ ವೇದಿಕೆಯ ಕಡೆ ನೋಡಿದ. "ಸಾಹುಕಾರ್ರ, ಅಕ್ಕಿಕಾಳು ಹನ್ನೆರಡೂವರಿಗೆ ಐತ್ರಿ. ಸೋದರಮಾವ ನಾನರಿ. ಅದೊಂದ ಮುಗಿಸಿ..."

"ಅವರಿಗೆ ಒಂದ ಗಂಟೇಕ್ಕ ಊಟಾ ಮಾಡಿ ಹೊಂಡೂದೈತಿ. ನಿಮ್ಮ ಮಂದಿ ಇಷ್ಟ ಅದಾರಲ್ಲ, ಯಾರರ ನಿಂದರತಾರ." ಅವರು ಅಪ್ಪನ ಹೆಗಲ ಮೇಲೆ, ಕಂಬಳಿಯ ಮೇಲೆ, ಕೈಯಿಟ್ಟರು. "ಗಾಡಿ ಹೊರಗ ನಿಂತೈತಿ, ಅದಕ್ಕ ಕೇಳಿದ್ನಿ. ನಂದು ನಿಂದು ಅಂತ ಏನೈತಿ ನಮ್ಮೊಳಗ?"

ಪುಣೆಯವರಲ್ಲೊಬ್ಬ ಗಡಿಯಾರ ನೋಡಿದ. ಅಪ್ಪ ಏನೋ ಹೇಳಲು ಬಾಯಿ ತೆರೆದ. ನಾನು ಕಾದೆ. ಈಗ ಹೇಳುತ್ತಾನೆ, ಗಾಡಿ ನಂದು, ಇವತ್ತು ಆಗಂಗಿಲ್ಲ ಅನ್ನುತ್ತಾನೆ. ಸುಳ್ಳಾದರೂ ಸರಿ, ಅನ್ನಲಿ. ಅವನ ಬಾಯಿಂದ ಬಂದದ್ದು, "ಆತ್ರಿ."

ಇಪ್ಪತ್ತೊಂದು ವರ್ಷ ಆಡಿದ ಮಾತು, ತಾನಾಗಿಯೇ ಬಂತು. ಆಡಿದ ಮೇಲೆ ಅವನಿಗೇ ಕೇಳಿಸಿರಬೇಕು, ಮುಖ ಕೆಳಗಾಯಿತು. ಅವನು ತಲೆಯ ಮೇಲಿನ ಪಟಗಾವನ್ನು ಎರಡೂ ಕೈಯಿಂದ, ಸುತ್ತು ಬಿಚ್ಚಿಕೊಳ್ಳದ ಹಾಗೆ, ಮೆಲ್ಲಗೆ ಎತ್ತಿ ಹಾಲೇಶ ಕಾಕಾನ ಮುಂದೆ ಹಿಡಿದ.

ಕಾಕಾ ಈ ಸಲ ನಗಲಿಲ್ಲ. "ಲೇ, ಚಾಷ್ಟಿ ಮಾಡಿದ್ನೋ ನಾ. ನಿನ್ನ ಗಾಡಿ ಐತಿ, ಆಗಂಗಿಲ್ಲ ಅನ್ನು."

"ಭಂಡಾರದ ಮ್ಯಾಲ ಕೊಟ್ಟಾವ್ರೋ ಅವರು. ಹೆಂಗ ಒಲ್ಲೆ ಅನ್ನಲಿ?"

ವೇದಿಕೆಯ ಮೇಲೆ ಕಾಂಚನಾ ಬಾಸಿಂಗದ ಕೆಳಗಿನಿಂದ ನಮ್ಮ ಕಡೆಗೇ ನೋಡುತ್ತಿದ್ದಳು. ಅವಳ ಬೆನ್ನಿಗೆ ಯಾರೂ ಇರಲಿಲ್ಲ. ಯಲ್ಲಕ್ಕತ್ತೆ ಅಕ್ಕಿಯ ತಟ್ಟೆ ಹಿಡಿದು ಮೆಟ್ಟಿಲ ಮೇಲೆಯೇ ನಿಂತುಬಿಟ್ಟಿದ್ದಳು. ಭಟ್ಟರು ಮೈಕಿನಲ್ಲಿ, ಸೋದರಮಾವ ಬರಬೇಕು, ಸೋದರಮಾವ, ಎಂದು ಕರೆಯತೊಡಗಿದರು. ಅಪ್ಪ ಕಂಬಳಿಯನ್ನೂ ತೆಗೆದು ಕುರ್ಚಿಯ ಮೇಲಿಟ್ಟು ಕೀಲಿಗಾಗಿ ಕಿಸೆಗೆ ಕೈ ಹಾಕಿದ.

ನನಗೆ ಜನರ ಮುಂದೆ ಮಾತು ಬರುವುದಿಲ್ಲ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ನನ್ನ ದನಿ ಕೇಳದೆ ಎಷ್ಟೋ ದಿನ ಗೈರು ಬಿದ್ದದ್ದುಂಟು. ನಾನು ಹೆಂಗಸರ ಸಾಲಿನಿಂದ ಹೊರಗೆ ಬಂದದ್ದು, ಸಾಹುಕಾರರಿಗೂ ಅಪ್ಪನಿಗೂ ನಡುವೆ ನಿಂತದ್ದು ನನಗೆ ನೆನಪಿಲ್ಲ. ಅವ್ವ ಹಿಂದಿನಿಂದ ನನ್ನ ಸೆರಗು ಹಿಡಿದೆಳೆದದ್ದು ನೆನಪಿದೆ. ಸಾಹುಕಾರರು, "ಏನ ತಂಗಿ?" ಎಂದು ನಕ್ಕದ್ದು ನೆನಪಿದೆ. ನಾನು ಅವರ ಕಡೆ ನೋಡಲಿಲ್ಲ. ಅಪ್ಪನ ಕಡೆ ನೋಡಿದೆ. ಈ ಮಾತು ಕೇಳಿದ ಮೇಲೆ ಅವನು ನನ್ನನ್ನು ಮೊದಲಿನ ಹಾಗೆ ಯಾವತ್ತೂ ನೋಡಲಾರ ಎಂದು ತಿಳಿದೇ ನೋಡಿದೆ.

"ಅಪ್ಪಾ, ಕೀಲಿ ಅವರ ಕೈಯಾಗ ಕೊಟ್ಟ ಕಾಂಚನಾನ ಬೆನ್ನಿಗೆ ಹೋಗಿ ನಿಂದರು. ಗಾಡಿ ಇನ್ನೂ ಅವರ ಹೆಸರಿನ್ಯಾಗ ಐತಿ, ಅದು ನಿಂದು ಯಾವತ್ತೂ ಆಗಿಲ್ಲ."